ಹ್ಯಾಂಬರ್ಗ್‌ನ ಇನ್ಫರ್ಮೇಷನ್ ಎಂಜಿನಿಯರಿಂಗ್: ಸೇರುವ ಮುನ್ನ ತಿಳಿದಿರಬೇಕಾದದ್ದು

ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದ ಮೇಲೆ ಪ್ರತಿ ವರ್ಷವೂ ಊರಿನ ಕಡೆಯಿಂದ, ಬಂಧುಗಳಿಂದ, ಬಂಧುಗಳ ಪರಿಚಿತರಿಂದ ಒಂದೇ ಬಗೆಯ ಪ್ರಶ್ನೆ ನನಗೆ ಬರುತ್ತದೆ. ನೀನು ಜರ್ಮನಿಯಲ್ಲಿ ಓದಿದ ಇನ್ಫರ್ಮೇಷನ್ ಎಂಜಿನಿಯರಿಂಗ್ ಎಂದರೆ ನಮ್ಮ ಕಾಲೇಜುಗಳ ಐಎಸ್ ಬ್ರಾಂಚೇ ತಾನೇ ಎಂದು ಕೇಳುತ್ತಾರೆ. ಅಲ್ಲ. ವಿಟಿಯು ಕಾಲೇಜುಗಳ ಇನ್ಫರ್ಮೇಷನ್ ಸೈನ್ಸ್ ಬ್ರಾಂಚು ಬಹುಪಾಲು ಕಂಪ್ಯೂಟರ್ ಸೈನ್ಸ್‌ನ ಪಠ್ಯವನ್ನೇ ಹೋಲುತ್ತದೆ. ಹ್ಯಾಂಬರ್ಗ್‌ನ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ, ಅಂದರೆ ಎಲ್ಲರೂ ಎಚ್‌ಎಡಬ್ಲ್ಯು ಎಂದು ಕರೆಯುವ ಸಂಸ್ಥೆಯಲ್ಲಿ, ಇದೇ ಬಗೆಯ ಹೆಸರಿನ ಅಂತರರಾಷ್ಟ್ರೀಯ ಬ್ಯಾಚುಲರ್ ಪದವಿಯನ್ನು ನಡೆಸುವುದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಇರುವ ವಿಭಾಗವೇ. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ ಅದು ಮುಕ್ಕಾಲು ಪಾಲು ಇಸಿ (ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಷನ್), ಅದರೊಳಗೆ ಗಟ್ಟಿಯಾಗಿ ಹೆಣೆದ ಪ್ರೋಗ್ರಾಮಿಂಗ್. ಒಬ್ಬರು ಚಿಕ್ಕಪ್ಪ ಇದನ್ನು ಕೇಳಿ, "ಮಗಳು ಕಂಪ್ಯೂಟರ್ ಓದಲಿ ಅಂತಿದ್ದೆವು ಕಣಪ್ಪ, ಈ ಸರ್ಕ್ಯೂಟು ಗಿರ್ಕ್ಯೂಟು ಎಲ್ಲ ಬೇಡ" ಎಂದರು. ಅವರ ನಿರ್ಧಾರ ಸರಿಯಾಗಿತ್ತು ಎಂದೇ ನನಗೆ ಅನಿಸುತ್ತದೆ. ಸರ್ಕ್ಯೂಟ್ ಬೇಡವೆನ್ನುವವರಿಗೆ ಈ ಪದವಿ ಎರಡನೆಯ ಸೆಮಿಸ್ಟರ್‌ನಿಂದಲೇ ಹೊರೆಯಾಗುತ್ತದೆ.

ಇದೇ ಹೆಸರಿನ ಇನ್ನೊಂದು ಪದವಿ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಹೈಲ್‌ಬ್ರಾನ್ ಕ್ಯಾಂಪಸ್‌ನಲ್ಲಿಯೂ ಇದೆ. ಅದು ಕಂಪ್ಯೂಟರ್ ಸೈನ್ಸ್ ಕಡೆಗೆ ವಾಲಿದ್ದು, ಅಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬಂದವರಿಗೆ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಬೋಧನಾ ಶುಲ್ಕವೂ ಇದೆ. ಹಾಗಾಗಿ ಹೆಸರು ನೋಡಿ ಅರ್ಜಿ ಹಾಕದೆ, ಆಯಾ ವಿಶ್ವವಿದ್ಯಾಲಯ ಪ್ರಕಟಿಸುವ ವಿಷಯಗಳ ಕೈಪಿಡಿಯನ್ನು ತೆರೆದು, ಯಾವ ವಿಷಯಕ್ಕೆ ಎಷ್ಟು ಕ್ರೆಡಿಟ್ ಎಂಬುದನ್ನು ಓದಿಯೇ ಮುಂದುವರಿಯಬೇಕು. ನಾನು ಇಲ್ಲಿ ಬರೆಯುತ್ತಿರುವುದು ಹ್ಯಾಂಬರ್ಗ್‌ನ ಪದವಿಯ ಬಗ್ಗೆ ಮಾತ್ರ.

ಪ್ರವೇಶದ ವಿಷಯವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ನಿಯಮಗಳು ಆಗಾಗ ಬದಲಾಗುತ್ತವೆ. ಭಾರತದ ಹನ್ನೆರಡನೆಯ ತರಗತಿಯ ಅಂಕಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಅದೊಂದರಿಂದಲೇ ಜರ್ಮನಿಯ ಬ್ಯಾಚುಲರ್ ಪದವಿಗೆ ನೇರ ಪ್ರವೇಶ ಸಿಗುವುದಿಲ್ಲ. ಜೆಇಇ ಅಡ್ವಾನ್ಸ್ಡ್ ತೇರ್ಗಡೆಯಾಗಿರಬೇಕು, ಇಲ್ಲವೇ ಭಾರತದ ಮಾನ್ಯತೆ ಪಡೆದ ವಿಶ್ವವಿದ್ಯಾಲಯವೊಂದರಲ್ಲಿ ಅದೇ ಕ್ಷೇತ್ರದ ಪದವಿಯ ಮೊದಲ ವರ್ಷವನ್ನು ಯಶಸ್ವಿಯಾಗಿ ಮುಗಿಸಿರಬೇಕು. ಇವೆರಡೂ ಇಲ್ಲದವರು ಸ್ಟುಡಿಯನ್‌ಕೊಲೆಗ್ ಎಂಬ ಸಿದ್ಧತಾ ಕಾಲೇಜಿನಲ್ಲಿ ಸಾಮಾನ್ಯವಾಗಿ ಒಂದು ವರ್ಷ ಓದಿ, ಅದರ ಕೊನೆಯ ಅರ್ಹತಾ ಪರೀಕ್ಷೆಯನ್ನು ಪಾಸು ಮಾಡಬೇಕು. ನಾನು ಎರಡನೆಯ ದಾರಿಯಲ್ಲಿ ಬಂದವನು. ಮೈಸೂರಿನಲ್ಲಿ ಇಸಿ ಬ್ರಾಂಚಿನಲ್ಲಿ ಒಂದು ವರ್ಷ ಓದಿದ್ದೆ. ಆ ವರ್ಷ ದಂಡವಾಯಿತೆಂದು ಮನೆಯಲ್ಲಿ ಕೆಲವರು ಮರುಗಿದರು, ಆದರೆ ಅಲ್ಲಿ ಕಲಿತ ಕಲನಶಾಸ್ತ್ರವೂ ಸರ್ಕ್ಯೂಟುಗಳ ನೆಟ್‌ವರ್ಕ್ ವಿಶ್ಲೇಷಣೆಯೂ ಇಲ್ಲಿನ ಮೊದಲ ಸೆಮಿಸ್ಟರ್‌ನಲ್ಲಿ ನನ್ನನ್ನು ಕಾಪಾಡಿದವು. 2022ರ ನವೆಂಬರ್‌ನಿಂದ ಭಾರತೀಯ ವಿದ್ಯಾರ್ಥಿಗಳಿಗೆ ಎಪಿಎಸ್ ಪ್ರಮಾಣಪತ್ರವೂ ಕಡ್ಡಾಯವಾಗಿದೆ. ಅಂಕಪಟ್ಟಿಗಳ ನೈಜತೆಯನ್ನು ಪರಿಶೀಲಿಸಿ ಕೊಡುವ ಈ ಪತ್ರಕ್ಕೆ ಸಮಯ ಹಿಡಿಯುವುದರಿಂದ ಎಲ್ಲಕ್ಕಿಂತ ಮೊದಲು ಅದಕ್ಕೆ ಅರ್ಜಿ ಹಾಕುವುದು ಒಳ್ಳೆಯದು.

ಅಂಕಗಳನ್ನು ಜರ್ಮನಿಯ ಶ್ರೇಣಿಗೆ ಪರಿವರ್ತಿಸುವ ಸೂತ್ರ ಸರಳವಾದರೂ ಅದರ ಫಲಿತಾಂಶ ಹೊಸಬರನ್ನು ಗಲಿಬಿಲಿಗೊಳಿಸುತ್ತದೆ. ಇಲ್ಲಿ 1.0 ಅತ್ಯುತ್ತಮ, 4.0 ಎಂದರೆ ಕಷ್ಟಪಟ್ಟು ಪಾಸು, 5.0 ನಪಾಸು. ಗರಿಷ್ಠ ಅಂಕದಿಂದ ನಿಮ್ಮ ಅಂಕವನ್ನು ಕಳೆದು, ಗರಿಷ್ಠ ಅಂಕಕ್ಕೂ ಪಾಸಿನ ಅಂಕಕ್ಕೂ ಇರುವ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದನ್ನು ಕೂಡಿಸಬೇಕು. ನೂರಕ್ಕೆ ತೊಂಬತ್ತು ಪಡೆದು, ಪಾಸಿನ ಅಂಕ 35 ಆಗಿದ್ದರೆ ಸುಮಾರು 1.46 ಬರುತ್ತದೆ.

ಇನ್ನು "ಜರ್ಮನಿಯಲ್ಲಿ ಓದು ಪುಕ್ಕಟೆಯಂತೆ" ಎಂಬ ಮಾತು. ಹ್ಯಾಂಬರ್ಗ್‌ನಲ್ಲಿ ಬೋಧನಾ ಶುಲ್ಕವಿಲ್ಲ ಎಂಬುದು ನಿಜ. ಪ್ರತಿ ಸೆಮಿಸ್ಟರ್‌ಗೆ ಕೆಲವು ನೂರು ಯೂರೋಗಳ ವಂತಿಗೆ ಕಟ್ಟಿದರೆ ಅದರಲ್ಲಿಯೇ ದೇಶದಾದ್ಯಂತ ಸ್ಥಳೀಯ ರೈಲು, ಮೆಟ್ರೋ, ಬಸ್ಸುಗಳಲ್ಲಿ ಓಡಾಡುವ ಟಿಕೆಟ್ ಕೂಡ ಸೇರಿರುತ್ತದೆ. ಆದರೆ ವೀಸಾಕ್ಕೆ ಮೊದಲೇ ಒಂದು ವರ್ಷದ ಜೀವನವೆಚ್ಚವನ್ನು ನಿರ್ಬಂಧಿತ ಖಾತೆಯಲ್ಲಿ ಇಡಬೇಕು. 2024ರ ಸೆಪ್ಟೆಂಬರ್‌ನಲ್ಲಿ ಆ ಮೊತ್ತ 11,904 ಯೂರೋಗೆ ಏರಿತು. ಅದರಿಂದ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಸಿಗುತ್ತದೆ. ಅದರಲ್ಲಿ ಆರೋಗ್ಯ ವಿಮೆಗೇ ನೂರು ಯೂರೋ ದಾಟುತ್ತದೆ, ಮತ್ತು ಹ್ಯಾಂಬರ್ಗ್‌ನಲ್ಲಿ ಕೋಣೆ ಹುಡುಕುವುದು ಪರೀಕ್ಷೆಗಿಂತ ಕಠಿಣ. ಬ್ಯಾಂಕ್ ಸಾಲ ಮಾಡಿ ಬರುವ ಕುಟುಂಬಗಳು ಪುಕ್ಕಟೆ ಎಂಬ ಮಾತನ್ನು ನಂಬಿ ಲೆಕ್ಕ ಹಾಕಬಾರದು. ವರ್ಷಕ್ಕೆ 140 ಪೂರ್ಣ ದಿನಗಳ ಮಟ್ಟಿಗೆ ಕೆಲಸ ಮಾಡಲು ವಿದ್ಯಾರ್ಥಿಗಳಿಗೆ ಅನುಮತಿಯಿದೆ, ನಿಜ. ಆದರೆ ಮೊದಲ ವರ್ಷವೇ ಆ ದಿನಗಳನ್ನೆಲ್ಲ ಬಳಸಿಕೊಂಡವರು ಲ್ಯಾಬ್ ವರದಿಗಳನ್ನು ಯಾವಾಗ ಬರೆಯುತ್ತಾರೆ ಎಂಬುದು ನನಗೆ ಇಂದಿಗೂ ಒಗಟು.

ಎಚ್‌ಎಡಬ್ಲ್ಯುವಿನ ತಾಂತ್ರಿಕ ವಿಭಾಗಗಳು ಇರುವುದು ಬರ್ಲಿನರ್ ಟೋರ್ ಕ್ಯಾಂಪಸ್‌ನಲ್ಲಿ. ನಗರದ ಮುಖ್ಯ ರೈಲು ನಿಲ್ದಾಣದಿಂದ ಒಂದೇ ನಿಲ್ದಾಣದ ದೂರ. ಹಳೆಯ ಗೋಪುರಗಳು, ಉದ್ಯಾನ, ಪುರಾತನ ಗ್ರಂಥಾಲಯ ಎಂಬ ಕಲ್ಪನೆಯಿಟ್ಟುಕೊಂಡು ಬಂದವರಿಗೆ ನಿರಾಸೆಯಾಗಬಹುದು; ಇದು ಪಟ್ಟಣದ ನಡುವಿನ ಕೆಲಸದ ಕ್ಯಾಂಪಸ್. 1970ರಲ್ಲಿ ಫಾಖ್‌ಹೋಖ್‌ಶೂಲೆ ಎಂಬ, ಅನ್ವಯಿಕ ಓದಿಗೆ ಒತ್ತು ಕೊಡುವ ಬಗೆಯ ಸಂಸ್ಥೆಯಾಗಿ ಆರಂಭವಾದ ಇದರ ಸ್ವಭಾವದಲ್ಲಿ ಉದ್ಯಮದ ನಂಟು ಮೊದಲಿನಿಂದಲೂ ಇದೆ. ಇಂಥ ಸಂಸ್ಥೆಗಳಲ್ಲಿ ಪ್ರಾಧ್ಯಾಪಕರಾಗಲು ಡಾಕ್ಟರೇಟ್ ಜೊತೆಗೆ ಹಲವು ವರ್ಷಗಳ ವೃತ್ತಿ ಅನುಭವ ಬೇಕು, ಅದರಲ್ಲೂ ಒಂದು ಭಾಗ ವಿಶ್ವವಿದ್ಯಾಲಯದ ಹೊರಗಿನದಾಗಿರಬೇಕು. ಪಾಠದ ಮಧ್ಯೆ "ಕಾಗದದ ಮೇಲೆ ಇದು ಸರಿ, ಆದರೆ ಈ ಬಿಡಿಭಾಗದ ಬೆಲೆ ಹೆಚ್ಚು, ಯಾರೂ ಕೊಳ್ಳುವುದಿಲ್ಲ" ಎಂಬಂಥ ಮಾತುಗಳು ಸಹಜವಾಗಿ ಬರುವುದು ಈ ಕಾರಣದಿಂದ.

ಮೊದಲ ವರ್ಷದಲ್ಲಿ ಗಣಿತ, ವಿದ್ಯುತ್ ಎಂಜಿನಿಯರಿಂಗ್ ಮತ್ತು ಸಿ ಭಾಷೆಯಲ್ಲಿ ಪ್ರೋಗ್ರಾಮಿಂಗ್ ಮುಖ್ಯ. ಸೆಮಿಸ್ಟರ್‌ಗೆ 30 ಕ್ರೆಡಿಟ್, ಒಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆಗಳ ಶ್ರಮ ಎಂಬುದು ಅಧಿಕೃತ ಲೆಕ್ಕ. ತರಗತಿಯಲ್ಲಿ ಹಾಜರಿ ಕೂಗುವುದಿಲ್ಲ, ಆಂತರಿಕ ಪರೀಕ್ಷೆಗಳ ಅಂಕ ಎಂಬುದಿಲ್ಲ, ಬಹುಪಾಲು ವಿಷಯಗಳಿಗೆ ಕೊನೆಯ ಒಂದು ಪರೀಕ್ಷೆಯೇ ಎಲ್ಲ. ನಮ್ಮಲ್ಲಿ "ಎಂ-ಟೂ ಬ್ಯಾಕ್ ಇದೆ", ಅಂದರೆ ಎರಡನೆಯ ಗಣಿತ ಪತ್ರಿಕೆ ಪಾಸಾಗದೆ ಉಳಿದಿದೆ, ಎಂದು ನಗುತ್ತಲೇ ಹೇಳಿಕೊಂಡು ಕೊನೆಯ ವರ್ಷದವರೆಗೂ ಅದನ್ನು ಹೊತ್ತುಕೊಂಡು ಹೋಗುವವರನ್ನು ನೋಡಿದ್ದೇನೆ. ಇಲ್ಲಿ ಆ ನಗು ಹೊರಡುವುದಿಲ್ಲ, ಏಕೆಂದರೆ ಒಂದು ಪರೀಕ್ಷೆಗೆ ಮೂರೇ ಅವಕಾಶ. ಮೂರನೆಯ ಬಾರಿಯೂ ನಪಾಸಾದರೆ ಆ ಪದವಿಯಿಂದಲೇ ಹೊರಬೀಳಬೇಕು, ಮತ್ತು ಜರ್ಮನಿಯ ಬೇರೊಂದು ಸಂಸ್ಥೆಗೆ ಹೋಗಿ ಅದೇ ಪದವಿಯನ್ನು ಮುಂದುವರಿಸುವುದು ಬಹುಮಟ್ಟಿಗೆ ಸಾಧ್ಯವಾಗುವುದಿಲ್ಲ. ವೀಸಾದ ಮೇಲೆ ಇರುವವರಿಗೆ ಇದರ ಪರಿಣಾಮ ಏನೆಂದು ವಿವರಿಸಬೇಕಿಲ್ಲ. ಈ ನಿಯಮ ಕ್ರೂರವೆಂದು ಹಲವರು ಹೇಳುತ್ತಾರೆ. ನನಗೆ ಹಾಗನಿಸುವುದಿಲ್ಲ, ಆದರೆ ಸೇರುವ ದಿನವೇ ಇದು ತಿಳಿದಿರಬೇಕು ಎಂಬುದು ಮಾತ್ರ ಖಂಡಿತ.

ಎರಡನೆಯ ವರ್ಷಕ್ಕೆ ಬರುವಾಗ ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಎಂಬ ವಿಷಯ ಎದುರಾಗುತ್ತದೆ. ಈ ಪದವಿಯ ಬೆನ್ನುಮೂಳೆ ಇದೇ ಎಂಬುದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ಗಣಿತ ಒಂದು ಕಡೆ, ಸರ್ಕ್ಯೂಟ್ ಒಂದು ಕಡೆ, ಕೋಡ್ ಇನ್ನೊಂದು ಕಡೆ ಇರುತ್ತವೆ. ಇಲ್ಲಿ ಮೂರೂ ಒಂದೇ ಮೇಜಿಗೆ ಬರುತ್ತವೆ. ಚೌಕಾಕಾರದ ಒಂದು ತರಂಗವನ್ನು ಫೂರಿಯೇ ಶ್ರೇಣಿಯಾಗಿ, ಅಂದರೆ ಸರಳ ಸೈನ್ ತರಂಗಗಳ ಮೊತ್ತವಾಗಿ ಬಿಡಿಸಿ, ಮೂಲ ಆವೃತ್ತಿಯೂ (ಫ್ರೀಕ್ವೆನ್ಸಿ) ಅದರ ಮೂರು ಪಟ್ಟು, ಐದು ಪಟ್ಟು, ಏಳು ಪಟ್ಟಿನ ಬೆಸ ಆವೃತ್ತಿಗಳೂ ಮೂರರಲ್ಲೊಂದು, ಐದರಲ್ಲೊಂದು, ಏಳರಲ್ಲೊಂದು ಪಾಲಿನ ಎತ್ತರದಲ್ಲಿ ಸೇರಿಕೊಂಡಿರುತ್ತವೆ ಎಂದು ಕಾಗದದ ಮೇಲೆ ಸಾಧಿಸುವುದನ್ನು ಮೈಸೂರಿನಲ್ಲಿಯೇ ಕಲಿತಿದ್ದೆ. ಲ್ಯಾಬ್‌ನಲ್ಲಿ ಸಿಗ್ನಲ್ ಜನರೇಟರ್‌ನಿಂದ ಅದೇ ಚೌಕ ತರಂಗವನ್ನು ಕೊಟ್ಟು, ತರಂಗವನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್‌ನಲ್ಲಿ ಆವೃತ್ತಿ ನೋಟಕ್ಕೆ ಬದಲಿಸಿದಾಗ, ಲೆಕ್ಕ ಹಾಕಿದ ಎತ್ತರಗಳಲ್ಲಿಯೇ ಗೆರೆಗಳು ಸಾಲಾಗಿ ಎದ್ದು ನಿಂತವು. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದ ಸೂತ್ರವೊಂದು ಅಳತೆಗೆ ಸಿಗುವ ವಸ್ತು ಎಂದು ನನಗೆ ಗೊತ್ತಾದದ್ದು ಆಗ. ಅಂದಹಾಗೆ, ಆವೃತ್ತಿಯ ಮಾನಕ್ಕೆ ಯಾರ ಹೆಸರಿದೆಯೋ ಆ ಹೈನ್ರಿಖ್ ಹರ್ಟ್ಸ್ ಹುಟ್ಟಿದ್ದು 1857ರಲ್ಲಿ ಇದೇ ಹ್ಯಾಂಬರ್ಗ್‌ನಲ್ಲಿ. ವಿದ್ಯುತ್ಕಾಂತೀಯ ತರಂಗಗಳನ್ನು ಅವರು ಪ್ರಯೋಗದಿಂದ ತೋರಿಸಿದ್ದು ಕಾರ್ಲ್ಸ್‌ರೂಹೆಯಲ್ಲಾದರೂ, ನಗರದ ಎತ್ತರದ ದೂರಸಂಪರ್ಕ ಗೋಪುರಕ್ಕೆ ಅವರ ಹೆಸರೇ ಇದೆ.

ಅದೇ ವಿಷಯದಲ್ಲಿ ಸ್ಯಾಂಪ್ಲಿಂಗ್, ಅಂದರೆ ಸಂಕೇತವನ್ನು (ಸಿಗ್ನಲ್) ಸಮಾನ ಅಂತರದ ಕ್ಷಣಗಳಲ್ಲಿ ಅಳೆದು ಮಾದರಿಗಳನ್ನು ತೆಗೆಯುವುದು, ಬರುತ್ತದೆ. ಒಂದು ಸಂಕೇತದಲ್ಲಿರುವ ಅತಿ ಹೆಚ್ಚಿನ ಆವೃತ್ತಿಯ ಎರಡು ಪಟ್ಟಿಗಿಂತ ಹೆಚ್ಚು ವೇಗದಲ್ಲಿ ಮಾದರಿಗಳನ್ನು ತೆಗೆದುಕೊಂಡರೆ ಮಾತ್ರ ಅದನ್ನು ನಷ್ಟವಿಲ್ಲದೆ ಮರಳಿ ಪಡೆಯಬಹುದು. ದೂರವಾಣಿಯಲ್ಲಿ ಮಾತಿನ ಆವೃತ್ತಿಯನ್ನು ಸುಮಾರು 3,400 ಹರ್ಟ್ಸ್‌ಗೆ ಮಿತಿಗೊಳಿಸಿ ಸೆಕೆಂಡಿಗೆ 8,000 ಮಾದರಿ ತೆಗೆಯುವುದೂ, ಸಿಡಿಯಲ್ಲಿ ಸಂಗೀತಕ್ಕೆ 44,100 ಮಾದರಿ ತೆಗೆಯುವುದೂ ಈ ನಿಯಮಕ್ಕನುಗುಣವಾಗಿಯೇ. ನಿಯಮ ಮೀರಿದರೆ ಏನಾಗುತ್ತದೆ ಎಂಬುದು ಇನ್ನೂ ಸ್ವಾರಸ್ಯಕರ. ಸೆಕೆಂಡಿಗೆ 10,000 ಮಾದರಿ ತೆಗೆಯುವ ಸಾಧನಕ್ಕೆ 9,000 ಹರ್ಟ್ಸ್‌ನ ಸ್ವರವನ್ನು ಕೊಟ್ಟರೆ ಪರದೆಯ ಮೇಲೆ ಕಾಣುವುದು 1,000 ಹರ್ಟ್ಸ್‌ನ ಸ್ವರ. ಸಿನಿಮಾದಲ್ಲಿ ಮುಂದಕ್ಕೆ ಓಡುವ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದಕ್ಕೂ ಕಾರಣ ಇದೇ. ಒಮ್ಮೆ ಈ ಸುಳ್ಳು ಸ್ವರ ಮಾದರಿಗಳೊಳಗೆ ಸೇರಿಬಿಟ್ಟರೆ, ಮುಂದೆ ಬರೆಯುವ ಯಾವ ಪ್ರೋಗ್ರಾಮ್ ಕೂಡ ನಿಜವಾದ ಸ್ವರ ಯಾವುದು, ಸುಳ್ಳು ಯಾವುದು ಎಂದು ಬೇರ್ಪಡಿಸಲಾರದು. ಅದನ್ನು ತಡೆಯಬೇಕಾದ ಫಿಲ್ಟರ್ ಇರಬೇಕಾದದ್ದು ಸಂಕೇತವನ್ನು ಸಂಖ್ಯೆಗಳಾಗಿ ಬದಲಿಸುವ ಪರಿವರ್ತಕದ ಮುಂದೆ, ರೆಸಿಸ್ಟರ್ ಮತ್ತು ಕೆಪಾಸಿಟರ್‌ಗಳ ರೂಪದಲ್ಲಿ. ದತ್ತಾಂಶ ಕೈಗೆ ಬಂದ ಮೇಲೆ ಸಾಫ್ಟ್‌ವೇರ್‌ನಿಂದ ಎಲ್ಲವನ್ನೂ ಸರಿಪಡಿಸಬಹುದು ಎಂಬ ನಂಬಿಕೆ ನಮ್ಮ ಪೀಳಿಗೆಯಲ್ಲಿ ಬಹಳ ಗಟ್ಟಿಯಾಗಿದೆ. ಈ ಪದವಿ ಆ ನಂಬಿಕೆಯನ್ನು ಮುರಿಯುತ್ತದೆ, ಮತ್ತು ಇದನ್ನು ಕಂಪ್ಯೂಟರ್ ಸೈನ್ಸ್‌ಗೆ ಬದಲಿ ಎಂದು ಯಾರೂ ತಿಳಿಯಬಾರದೆಂದು ನಾನು ಹೇಳುವುದು ಇದಕ್ಕಾಗಿಯೇ.

ಮುಂದೆ ಡಿಜಿಟಲ್ ಸಂವಹನದ ಪಾಠದಲ್ಲಿ ಕ್ಲಾಡ್ ಶ್ಯಾನನ್ 1948ರಲ್ಲಿ ಪ್ರಕಟಿಸಿದ ಸಿದ್ಧಾಂತ ಬರುತ್ತದೆ. ಗದ್ದಲವಿರುವ ತಂತಿಯೊಂದರಲ್ಲಿ ತಪ್ಪಿಲ್ಲದೆ ಎಷ್ಟು ವೇಗವಾಗಿ ಮಾಹಿತಿ ಕಳುಹಿಸಬಹುದು ಎಂಬುದಕ್ಕೆ ಒಂದು ಮೇಲ್ಮಿತಿ ಇದೆ, ಮತ್ತು ಅದನ್ನು ನಿರ್ಧರಿಸುವುದು ಆವೃತ್ತಿಯ ಹರವು (ಬ್ಯಾಂಡ್‌ವಿಡ್ತ್) ಹಾಗೂ ಸಂಕೇತಕ್ಕೂ ಗದ್ದಲಕ್ಕೂ ಇರುವ ಅನುಪಾತ. 3,100 ಹರ್ಟ್ಸ್‌ನಷ್ಟು ಹರವಿದ್ದು, ಸಂಕೇತದ ಶಕ್ತಿ ಗದ್ದಲಕ್ಕಿಂತ ಸಾವಿರ ಪಟ್ಟು ಇರುವ ದೂರವಾಣಿ ತಂತಿಗೆ ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 31,000 ಬಿಟ್ ಬರುತ್ತದೆ; ಗದ್ದಲ ಇನ್ನೂ ಕಡಿಮೆಯಿದ್ದರೆ ಈ ಮಿತಿ ತುಸು ಮೇಲೇರುತ್ತದೆ. ಕಿರುಗುಟ್ಟುತ್ತಿದ್ದ ಹಳೆಯ ಡಯಲ್-ಅಪ್ ಮೋಡೆಮ್‌ಗಳಲ್ಲಿ 33.6 ಕಿಲೋಬಿಟ್ ಎಂದು ಬರೆದಿರುತ್ತಿದ್ದುದು ನೆನಪಿರುವವರಿಗೆ ಈ ಸಂಖ್ಯೆ ಖುಷಿ ಕೊಡಬಹುದು.

ಮೈಕ್ರೋಕಂಟ್ರೋಲರ್, ಅಂದರೆ ಉಪಕರಣಗಳನ್ನು ನಡೆಸುವ ಒಂದೇ ಚಿಪ್ಪಿನ ಪುಟ್ಟ ಕಂಪ್ಯೂಟರ್, ಅದರ ಲ್ಯಾಬ್ ಬಗ್ಗೆ ಹೇಳದಿದ್ದರೆ ಈ ಬರಹ ಅಪೂರ್ಣ. ಇಬ್ಬರಿಬ್ಬರ ಜೋಡಿಯಲ್ಲಿ ಕೂರಬೇಕು, ಬರುವ ಮೊದಲೇ ಸಿದ್ಧತೆ ಮಾಡಿಕೊಂಡಿರಬೇಕು, ಲ್ಯಾಬ್ ಪೂರೈಸದೆ ಕ್ರೆಡಿಟ್ ಕೈಗೆ ಬಾರದು. ಒಂದು ಗುಂಡಿ ಒತ್ತಿದಾಗ ಎಣಿಕೆ ಒಂದು ಹೆಚ್ಚಬೇಕು ಎಂಬುದು ಕೇಳಲು ಮಕ್ಕಳಾಟ. ಆದರೆ ಒತ್ತಿದ ಗುಂಡಿಯ ಲೋಹದ ತುದಿಗಳು ಕೆಲವು ಮಿಲಿಸೆಕೆಂಡುಗಳ ಕಾಲ ಪುಟಿಯುತ್ತವೆ. ನಮಗೆ ಒಂದೇ ಒತ್ತು ಎನಿಸಿದ್ದು ಪ್ರೊಸೆಸರ್‌ಗೆ ಹಲವು ಒತ್ತುಗಳಾಗಿ ಕಾಣುತ್ತದೆ. ನಡೆಯುತ್ತಿರುವ ಕೆಲಸವನ್ನು ತಡೆದು ಪ್ರೊಸೆಸರ್‌ನ ಗಮನ ಸೆಳೆಯುವ ಇಂಟರಪ್ಟ್ ಎಲ್ಲಿ ಬಳಸಬೇಕು, ಎಲ್ಲಿ ಟೈಮರ್ ಇಟ್ಟು ಕಾದು ಮತ್ತೊಮ್ಮೆ ಓದಬೇಕು ಎಂಬ ವಿವೇಕ ಈ ಪುಟ್ಟ ಪ್ರಯೋಗದಿಂದಲೇ ಬೆಳೆಯುತ್ತದೆ. 12 ಬಿಟ್‌ನ ಪರಿವರ್ತಕ 3.3 ವೋಲ್ಟನ್ನು 4,096 ಮೆಟ್ಟಿಲುಗಳಾಗಿ ವಿಂಗಡಿಸಿದರೆ ಒಂದು ಮೆಟ್ಟಿಲು ಸುಮಾರು 0.8 ಮಿಲಿವೋಲ್ಟ್. ಉದ್ದನೆಯ ತಂತಿಯನ್ನು ಅಡ್ಡಾದಿಡ್ಡಿಯಾಗಿ ಎಳೆದರೆ ಕೊನೆಯ ಎರಡು ಮೂರು ಬಿಟ್‌ಗಳು ಬರೀ ಗದ್ದಲವಾಗುತ್ತವೆ ಎಂಬುದನ್ನೂ ಅಲ್ಲಿಯೇ ಕಣ್ಣಾರೆ ಕಾಣಬಹುದು.

ಬಸ್ ಸಿಸ್ಟಮ್ಸ್, ಅಂದರೆ ಹಲವು ಘಟಕಗಳು ಒಂದೇ ತಂತಿಯನ್ನು ಹಂಚಿಕೊಂಡು ಮಾತಾಡುವ ವ್ಯವಸ್ಥೆಗಳ ಪಾಠದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಕ್ಯಾನ್ ಬಸ್. ಬಾಷ್ ಸಂಸ್ಥೆಯವರು ಕಾರುಗಳೊಳಗಿನ ತಂತಿಯ ಗೋಜಲನ್ನು ಕಡಿಮೆ ಮಾಡಲು ರೂಪಿಸಿ 1986ರಲ್ಲಿ ಹೊರತಂದ ವ್ಯವಸ್ಥೆಯಿದು. ಎರಡೇ ತಂತಿ, ಎರಡೂ ತುದಿಗಳಲ್ಲಿ 120 ಓಮ್‌ನ ರೆಸಿಸ್ಟರ್. ಇಬ್ಬರು ಒಟ್ಟಿಗೆ ಮಾತು ಆರಂಭಿಸಿದರೆ ಸಾಮಾನ್ಯವಾಗಿ ಇಬ್ಬರ ಮಾತೂ ಕೆಡುತ್ತದೆ, ಇಲ್ಲಿ ಹಾಗಾಗುವುದಿಲ್ಲ. ತಂತಿಯ ಮೇಲೆ ಸೊನ್ನೆಯ ಬಿಟ್ಟು ಒಂದರ ಬಿಟ್ಟನ್ನು ಅದುಮಿಹಿಡಿಯುವಂತೆ ವಿದ್ಯುತ್ ರಚನೆಯಿದೆ. ತನ್ನ ಗುರುತಿನ ಸಂಖ್ಯೆಯನ್ನು ಬಿಟ್ ಬಿಟ್ಟಾಗಿ ಕಳುಹಿಸುತ್ತಲೇ ತಂತಿಯನ್ನು ಆಲಿಸುವ ಘಟಕ, ತಾನು ಒಂದು ಕಳುಹಿಸಿದಾಗ ತಂತಿಯಲ್ಲಿ ಸೊನ್ನೆ ಕಂಡರೆ ಸುಮ್ಮನಾಗುತ್ತದೆ. ಹೀಗೆ ಕಡಿಮೆ ಸಂಖ್ಯೆಯ, ಅಂದರೆ ಹೆಚ್ಚು ತುರ್ತಿನ, ಸಂದೇಶವು ಒಂದು ಬಿಟ್ ಕೂಡ ಕೆಡದೆ ಮುಂದೆ ಸಾಗುತ್ತದೆ. ಸರದಿಯನ್ನು ತೀರ್ಮಾನಿಸುವ ನಿಯಮವನ್ನು ಸಾಫ್ಟ್‌ವೇರ್‌ನಲ್ಲಿ ಬರೆಯದೆ ಟ್ರಾನ್ಸಿಸ್ಟರ್‌ಗಳ ಸ್ವಭಾವದಲ್ಲಿಯೇ ಅಡಗಿಸಿದ ಈ ಜಾಣ್ಮೆಯ ಮುಂದೆ ಎಷ್ಟೋ ಹೊಸ ಆ್ಯಪ್‌ಗಳು ನನಗೆ ಸಪ್ಪೆಯೆನಿಸುತ್ತವೆ.

ಅಂತರರಾಷ್ಟ್ರೀಯ ಪದವಿ ಎಂಬ ಹಣೆಪಟ್ಟಿಯ ಬಗ್ಗೆ ಎರಡು ಮಾತು. ಪಾಠ ಇಂಗ್ಲಿಷ್‌ನಲ್ಲಿ ನಡೆಯುತ್ತದೆ, ಸಹಪಾಠಿಗಳು ಹಲವು ದೇಶಗಳವರು, ಜರ್ಮನರೂ ಇರುತ್ತಾರೆ. ಲ್ಯಾಬ್‌ನಲ್ಲಿ ಯಾವಾಗಲೂ ಭಾರತೀಯರ ಜೊತೆಯೇ ಜೋಡಿ ಕಟ್ಟಿಕೊಳ್ಳುವುದು ಸುಲಭದ ದಾರಿ, ಆದರೆ ಅದರಿಂದ ನಷ್ಟವಿದೆ. ನನ್ನ ಜೊತೆಗಾರನೊಬ್ಬ ಶಾಲೆಯ ನಂತರ ಕಾರ್ಖಾನೆಯಲ್ಲಿ ಎಲೆಕ್ಟ್ರಾನಿಕ್ಸ್ ತರಬೇತಿ ಮುಗಿಸಿಕೊಂಡು ಬಂದಿದ್ದ ಜರ್ಮನ್. ಲಾಪ್ಲಾಸ್ ರೂಪಾಂತರ ಅವನಿಗೆ ತಲೆನೋವಾಗಿತ್ತು, ಬೆಸುಗೆ ಹಾಕುವುದು ನನಗೆ. ಬಾಯಿಪಾಠದ ಬಲದಿಂದ ಬಂದ ನಾನು ಅವನಿಗೆ ಗಣಿತ ಹೇಳಿಕೊಟ್ಟೆ, ಅಳತೆಯ ಉಪಕರಣದ ಪ್ರೋಬನ್ನು ಎಲ್ಲಿ ಹಿಡಿಯಬೇಕು ಎಂಬುದನ್ನು ಅವನಿಂದ ಕಲಿತೆ.

ಆದರೆ ಇಂಗ್ಲಿಷ್‌ನಲ್ಲಿ ಪಾಠ ನಡೆಯುತ್ತದೆ ಎಂದು ಜರ್ಮನ್ ಭಾಷೆಯನ್ನು ಮುಂದೂಡುವುದು ಈ ಪದವಿಯ ವಿದ್ಯಾರ್ಥಿಗಳಲ್ಲಿ ನಾನು ಹೆಚ್ಚು ಕಂಡ ತೊಂದರೆ. ಇಂಟರ್ನ್‌ಶಿಪ್ ಹುಡುಕುವ ಸಮಯ ಬಂದಾಗ ಅದು ಅಡ್ಡಬರುತ್ತದೆ. ಹ್ಯಾಂಬರ್ಗ್‌ನ ಫಿಂಕನ್‌ವೆರ್ಡರ್‌ನಲ್ಲಿ ಏರ್‌ಬಸ್ ವಿಮಾನಗಳ ಜೋಡಣೆಯಾಗುತ್ತದೆ, ಅರೆವಾಹಕ ಉದ್ಯಮದ ಎನ್‌ಎಕ್ಸ್‌ಪಿ ಇದೆ, ಲುಫ್ತಾನ್ಸಾ ಟೆಕ್ನಿಕ್ ಇದೆ, ಕಣಭೌತವಿಜ್ಞಾನದ ಡೆಸಿ ಸಂಶೋಧನಾ ಕೇಂದ್ರವಿದೆ. ಡೆಸಿಯಂಥ ಸಂಶೋಧನಾ ಕೇಂದ್ರದಲ್ಲಿ ಇಂಗ್ಲಿಷ್ ನಡೆಯುತ್ತದೆ. ಆದರೆ ನಲವತ್ತು ಐವತ್ತು ಜನ ಕೆಲಸ ಮಾಡುವ, ಅಳತೆ ಉಪಕರಣಗಳನ್ನು ತಯಾರಿಸುವ ಸಣ್ಣ ಕಂಪನಿಯಲ್ಲಿ ಬೆಳಗಿನ ಸಭೆ ಜರ್ಮನ್‌ನಲ್ಲಿಯೇ ಇರುತ್ತದೆ, ಮತ್ತು ಈ ಓದಿಗೆ ಒಪ್ಪುವ ಒಳ್ಳೆಯ ಕೆಲಸಗಳು ಬಹುಪಾಲು ಇಂಥ ಕಂಪನಿಗಳಲ್ಲಿಯೇ ಸಿಗುತ್ತವೆ. ಊರಿನಲ್ಲಿದ್ದಾಗಲೇ ಜರ್ಮನ್ ಅನ್ನು ಬಿ1 ಎಂಬ ಮಧ್ಯಮ ಮಟ್ಟದವರೆಗೆ ಕಲಿತು ಬಂದರೆ ಮೊದಲ ಎರಡು ವರ್ಷಗಳ ಸಂಜೆಗಳು ಗಣಿತಕ್ಕೆ ಉಳಿಯುತ್ತವೆ.

ನನ್ನ ಬ್ಯಾಚುಲರ್ ಪ್ರಬಂಧ ಅಂಥದ್ದೇ ಸಣ್ಣ ಕಂಪನಿಯೊಂದರಲ್ಲಿ ನಡೆಯಿತು. ಮೋಟರ್‌ಗಳ ಕಂಪನವನ್ನು ಅಳೆದು ಕ್ಯಾನ್ ಬಸ್ ಮೂಲಕ ಕಳುಹಿಸುವ ಒಂದು ಘಟಕವನ್ನು ಕಟ್ಟುವುದು ಕೆಲಸ. ಕೋಡ್ ಸಾವಿರಾರು ಸಾಲುಗಳಿತ್ತು, ಅದನ್ನು ಒಪ್ಪವಾಗಿ ವಿಂಗಡಿಸಿ ಪರೀಕ್ಷೆಗಳನ್ನೂ ಬರೆದಿದ್ದೆ. ಮೌಖಿಕ ಪರೀಕ್ಷೆಯಲ್ಲಿ ಮೊದಲ ಪ್ರಶ್ನೆ ಪರಿವರ್ತಕದ ಮುಂದಿನ ಫಿಲ್ಟರ್ ಬಗ್ಗೆ ಬಂತು: ಫಿಲ್ಟರ್ ತಡೆಯಲು ಆರಂಭಿಸುವ ಕಡಿತದ ಆವೃತ್ತಿಯನ್ನು ಏಕೆ ಅಲ್ಲಿ ಇಟ್ಟಿರಿ, ಕೆಪಾಸಿಟರ್‌ನ ಧಾರಕತೆ ಶೇಕಡ ಹತ್ತರಷ್ಟು ಆಚೀಚೆಯಾದರೆ ಏನಾಗುತ್ತದೆ? ಅರ್ಧ ಗಂಟೆ ಅದರ ಸುತ್ತಲೇ ಕಳೆಯಿತು. ಕೋಡ್ ಬಗ್ಗೆ ಕೇಳಿದ್ದು ಕೊನೆಯಲ್ಲಿ, ಅದೂ ಎರಡೇ ಪ್ರಶ್ನೆ.

ಪದವಿಯ ನಂತರದ ಲೆಕ್ಕವನ್ನೂ ಕೇಳುವವರಿದ್ದಾರೆ. ಓದು ಮುಗಿದ ಮೇಲೆ ತಕ್ಕ ಕೆಲಸ ಹುಡುಕಲು 18 ತಿಂಗಳವರೆಗೆ ವಾಸದ ಪರವಾನಗಿ ಸಿಗುತ್ತದೆ. ಮಾಸ್ಟರ್ಸ್ ಮಾಡುವವರು ಬ್ಯಾಚುಲರ್‌ನ ಒಟ್ಟು ಕ್ರೆಡಿಟ್ ನೋಡಿಕೊಳ್ಳಬೇಕು: ಜರ್ಮನಿಯಲ್ಲಿ ಎರಡೂ ಪದವಿಗಳು ಸೇರಿ ಸಾಮಾನ್ಯವಾಗಿ 300 ಆಗಬೇಕಾದ್ದರಿಂದ, 180 ಕ್ರೆಡಿಟ್‌ನ ಬ್ಯಾಚುಲರ್ ಮಾಡಿದವರು ನಾಲ್ಕು ಸೆಮಿಸ್ಟರ್‌ನ ಮಾಸ್ಟರ್ಸ್‌ಗೂ, 210 ಮಾಡಿದವರು ಮೂರು ಸೆಮಿಸ್ಟರ್‌ನದಕ್ಕೂ ಸಲೀಸಾಗಿ ಹೊಂದುತ್ತಾರೆ. ಕಡಿಮೆ ಬಿದ್ದರೆ ಹೆಚ್ಚುವರಿ ವಿಷಯಗಳನ್ನು ಓದಿ ತುಂಬಿಸಬೇಕಾಗಬಹುದು, ಅದನ್ನು ಅರ್ಜಿ ಹಾಕುವಾಗಲೇ ಆ ವಿಶ್ವವಿದ್ಯಾಲಯವನ್ನು ಬರವಣಿಗೆಯಲ್ಲಿ ಕೇಳಿಟ್ಟುಕೊಳ್ಳಿ.